ಹುಂಡಿಯ ದುಡ್ಡು ಯಾರದ್ದು?

ಪ್ರಶ್ನೆ: "ನಾವು ಚಿಂತಾಮಣಿ ತಾಲ್ಲೂಕಿನ ಹಳ್ಳಿಯವರು. ಎರಡೂವರೆ ಎಕರೆ ಟೊಮೆಟೊ, ಮೂರು ಸೀಮೆಹಸು ಇವೆ. ಹದಿನೈದು ದಿನಕ್ಕೊಮ್ಮೆ ಬರುವ ಡೇರಿ ಬಟವಾಡೆಯಲ್ಲಿ ಮನೆ ನಡೆಯುತ್ತದೆ, ಟೊಮೆಟೊ ದುಡ್ಡು ಬಂದರೆ ಬಂತು. ಮಗನಿಗೆ 11 ವರ್ಷ, ಆರನೇ ಕ್ಲಾಸು. ಮಗಳಿಗೆ 6. ಹೋದ ತಿಂಗಳು ಮಗ ಅವರಪ್ಪನ ಫೋನಿನಿಂದ ಗೇಮಿಗೆ ಒಂಬತ್ತು ಸಲ ದುಡ್ಡು ಹಾಕಿದ್ದಾನೆ, ಒಟ್ಟು 1,480 ರೂಪಾಯಿ. ಅಂಗಡಿಗೆ ಹೋದಾಗ ಸ್ಕ್ಯಾನ್ ಮಾಡುವುದು ಅವನೇ, ಪಿನ್ ಅವನಿಗೆ ಗೊತ್ತು. ಕೇಳಿದೆವು, ಹೊಡೆದೆವು. ಅದಕ್ಕವನು 'ನೀವೂ ನನ್ನ ಹುಂಡಿ ದುಡ್ಡು ತಗೊಂಡ್ರಲ್ಲ, ವಾಪಸ್ ಕೊಟ್ರಾ?' ಅಂದ. ನಿಜ. ಸೈಕಲ್ಲಿಗೆಂದು ಅವನು ಕೂಡಿಟ್ಟಿದ್ದ 2,200 ರೂಪಾಯಿಯನ್ನು ಬೇಸಿಗೆಯಲ್ಲಿ ಮೇವಿಗೆ ತೆಗೆದಿದ್ದೆವು. ನಮ್ಮ ಅತ್ತೆ 'ಮಕ್ಕಳ ಕೈಗೆ ದುಡ್ಡು ಕೊಟ್ರೆ ಕೆಡ್ತಾರೆ' ಅನ್ನುತ್ತಾರೆ, ಆದರೆ ಅವರೇ ಸೆರಗಿನ ಗಂಟು ಬಿಚ್ಚಿ ಹತ್ತು ಇಪ್ಪತ್ತು ಕೊಡುತ್ತಾರೆ. ಯಜಮಾನರು 'ಮಾರ್ಕಿಗೆ ಇಷ್ಟು ಅಂತ ಕೊಡೋಣ, ಓದಾದ್ರೂ ಹತ್ತುತ್ತೆ' ಅನ್ನುತ್ತಾರೆ. ಏಳು ವರ್ಷದೊಳಗೆ ಕಲಿಸದಿದ್ದರೆ ಆಮೇಲೆ ಬರುವುದಿಲ್ಲ ಅಂತ ಒಂದು ವಿಡಿಯೊದಲ್ಲಿ ನೋಡಿದೆ. ದೊಡ್ಡವನ ಕಾಲ ಮುಗಿದೇ ಹೋಯಿತಾ? ಚಿಕ್ಕವಳಿಗೆ ಏನು ಕಲಿಸಲಿ? ಇಬ್ಬರಿಗೂ ಅಕೌಂಟ್ ಮಾಡಿಸಬೇಕಾ?"

ಉತ್ತರ: ನೀವು ಕೇಳಿರುವ ಪ್ರಶ್ನೆಗಳು ಐದಾರು. ಆದರೆ ಮಗ ತಿರುಗಿ ಕೇಳಿದ ಮಾತಿಗೆ ನೀವು "ನಿಜ" ಎಂದು ಬರೆದಿದ್ದೀರಲ್ಲ, ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮಕ್ಕಳ ಹಣದ ವಿಷಯದಲ್ಲಿ ಪೋಷಕರ ಬಾಯಲ್ಲಿ ಆ ಪದ ಬರುವುದು ಅಪರೂಪ. ಅದು ಬಂದಿರುವುದರಿಂದ ಮುಂದಿನ ಕೆಲಸ ನೀವು ಅಂದುಕೊಂಡಷ್ಟು ಕಷ್ಟವಿಲ್ಲ.

ಹುಂಡಿಯ ದುಡ್ಡನ್ನು ಮನೆಯ ಕಷ್ಟಕ್ಕೆ ತೆಗೆಯುವುದು ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಅವನ ಊಟ, ಬಟ್ಟೆ, ಫೀಸು ಎಲ್ಲ ನಾವೇ ನೋಡುವಾಗ ಅವನ ದುಡ್ಡು ನಮ್ಮ ದುಡ್ಡು ಅಂತ ಬೇರೆ ಇದೆಯೇ ಎನ್ನುವುದು ದೊಡ್ಡವರ ಲೆಕ್ಕ. ಮಗುವಿನ ಲೆಕ್ಕ ಬೇರೆ. ಜಾತ್ರೆಯಲ್ಲಿ ಮಾವ ಕೊಟ್ಟ ಐವತ್ತು, ಹಬ್ಬದಲ್ಲಿ ಅಜ್ಜಿ ಕೊಟ್ಟ ಇಪ್ಪತ್ತು, ತಿನ್ನದೆ ಉಳಿಸಿದ ಐದು ಎಲ್ಲ ಸೇರಿ ಅದು ಒಂದು ಸೈಕಲ್ಲಿನ ಚಕ್ರವಾಗಿತ್ತು. ಒಂದು ದಿನ ನೋಡಿದರೆ ಇಲ್ಲ. ಇದರಿಂದ ಅವನು ಕಲಿತ ಪಾಠ ನೇರವಾಗಿದೆ: ಕೂಡಿಟ್ಟದ್ದು ಹೋಗುತ್ತದೆ, ಖರ್ಚು ಮಾಡಿದ್ದಷ್ಟೇ ನನ್ನದು. ಆ ಪಾಠ ಕಲಿತ ಹುಡುಗ ಕೈಗೆ ಸಿಕ್ಕ ದುಡ್ಡನ್ನು ಆ ಕ್ಷಣವೇ ಕರಗಿಸಿದರೆ ಅವನ ತಲೆ ಕೆಟ್ಟಿದೆ ಎಂದು ಅರ್ಥವಲ್ಲ, ಕಂಡದ್ದನ್ನು ನಂಬಿದ್ದಾನೆ ಎಂದು ಅರ್ಥ.

ಇದು ಬರೀ ಊಹೆಯಲ್ಲ. ಮಕ್ಕಳ ಮುಂದೆ ಒಂದು ಸಿಹಿ ಇಟ್ಟು, "ನಾನು ಬರುವವರೆಗೆ ತಿನ್ನದಿದ್ದರೆ ಎರಡು ಕೊಡುತ್ತೇನೆ" ಎಂದು ಹೇಳಿಹೋಗುವ ಪ್ರಸಿದ್ಧ ಪ್ರಯೋಗವೊಂದಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಶುರುವಾದದ್ದು. ಕಾಯುವ ಮಗು ಹುಟ್ಟಾ ಸಂಯಮಿ, ಕಾಯದ ಮಗು ಚಪಲ ಎಂದು ಜನ ಅದನ್ನು ಬಹಳ ವರ್ಷ ಅರ್ಥಮಾಡಿಕೊಂಡರು. ರೋಚೆಸ್ಟರ್ ವಿಶ್ವವಿದ್ಯಾಲಯದವರು 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅದಕ್ಕೆ ಒಂದು ಹೆಜ್ಜೆ ಸೇರಿಸಿದರು. ಸಿಹಿ ಇಡುವ ಮೊದಲು ಕೆಲವು ಮಕ್ಕಳಿಗೆ "ಒಳ್ಳೆ ಬಣ್ಣದ ಕಡ್ಡಿ ತಂದುಕೊಡುತ್ತೇನೆ" ಎಂದು ಹೇಳಿ ತಂದುಕೊಟ್ಟರು. ಇನ್ನು ಕೆಲವರಿಗೆ ಹಾಗೇ ಹೇಳಿ ಬರಿಗೈಲಿ ಬಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರನ್ನು ಕಂಡ ಮಕ್ಕಳು 3 ನಿಮಿಷ. ಅದು ಇಪ್ಪತ್ತೆಂಟು ಮಕ್ಕಳ ಸಣ್ಣ ಪ್ರಯೋಗ, ಅದರ ಮೇಲೆ ದೊಡ್ಡ ಸೌಧ ಕಟ್ಟಬೇಕಿಲ್ಲ. ಆದರೆ ಅದು ತೋರಿಸಿದ್ದು ನಿಮ್ಮ ಮನೆಯಲ್ಲೂ ಕಣ್ಣಿಗೆ ಕಾಣುತ್ತಿದೆ. ಉಳಿತಾಯ ಕಲಿಸುವ ಮೊದಲು, ಉಳಿಸಿದ್ದು ಉಳಿಯುತ್ತದೆ ಎಂಬ ನಂಬಿಕೆ ಬರಬೇಕು.

ಹಾಗಾಗಿ ಮೊದಲ ಕೆಲಸ, ಆ 2,200 ವಾಪಸ್ ಕೊಡುವುದು. ಒಂದೇ ಸಲ ಆಗುವುದಿಲ್ಲ ಎಂದು ಗೊತ್ತು. ಪ್ರತಿ ಬಟವಾಡೆಯ ದಿನ 200 ರೂಪಾಯಿಯಂತೆ ಕೊಟ್ಟರೆ ಹನ್ನೊಂದು ಬಟವಾಡೆ, ಅಂದರೆ ಐದೂವರೆ ತಿಂಗಳು. ಒಂದು ಹಾಳೆಯಲ್ಲಿ ತಾರೀಖು, ಕೊಟ್ಟದ್ದು, ಬಾಕಿ ಎಂದು ಮೂರು ಕಾಲಂ ಎಳೆದು, ನೀವೂ ಅವನೂ ಸಹಿ ಹಾಕಿ ಗೋಡೆಗೆ ಅಂಟಿಸಿ. ದುಡ್ಡು ಅವನ ಕೈಗೇ ಹೋಗಬೇಕು, ಅವನೇ ಎಣಿಸಬೇಕು. ಹಸುಗೆ ಮೇವಿಲ್ಲದೆ ಹಾಲು ಇಳಿಯುತ್ತಿತ್ತು, ಬೇರೆ ದಾರಿ ಕಾಣಲಿಲ್ಲ, ಕೇಳದೆ ತೆಗೆದದ್ದು ನಮ್ಮದು ತಪ್ಪು ಎಂದು ಒಂದು ಸಲ ಹೇಳಿ. "ನಿನಗೋಸ್ಕರವೇ ಖರ್ಚು ಮಾಡಿದ್ದು" ಎಂದು ಮಾತ್ರ ಸೇರಿಸಬೇಡಿ. ಆ ಒಂದು ವಾಕ್ಯ ಉಳಿದದ್ದನ್ನೆಲ್ಲ ಅಳಿಸಿಬಿಡುತ್ತದೆ. ಯಾವುದೋ ಬಟವಾಡೆಯಲ್ಲಿ ಡೇರಿಯವರು ಪಶು ಆಹಾರದ ಮೂಟೆಯ ದುಡ್ಡು ಹಿಡಿದುಕೊಂಡು ಕೈಗೆ ಏನೂ ಉಳಿಯದೆ ಹೋಗಬಹುದು. ಆಗ 50 ಕೊಡಿ, ಅದೂ ಇಲ್ಲದಿದ್ದರೆ "ಈ ಸಲ ಆಗಲಿಲ್ಲ" ಎಂದು ಆ ಸಾಲಿನಲ್ಲಿ ಬರೆಯಿರಿ. ಖಾಲಿ ಬಿಡಬೇಡಿ.

ಇಲ್ಲಿ ನಿಮಗೆ ಒಂದು ಆಸೆ ಬರುತ್ತದೆ: ಅವನು 1,480 ಕಳೆದಿದ್ದಾನೆ, ನಾವು 2,200 ಕೊಡಬೇಕು, ಕಳೆದು 720 ಕೊಟ್ಟರೆ ಲೆಕ್ಕ ಚುಕ್ತಾ ಅಲ್ಲವೇ? ಗಣಿತದಲ್ಲಿ ಸರಿ. ಆದರೆ ಹಾಗೆ ಮಾಡಿದರೆ ಅವನ ಕಣ್ಣಿಗೆ ದುಡ್ಡು ವಾಪಸ್ ಬಂದದ್ದು ಕಾಣುವುದಿಲ್ಲ, ತಾನು ತಪ್ಪಿಗೆ ಕೊಟ್ಟದ್ದೂ ಕಾಣುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ನಡೆಸಿ. ಪ್ರತಿ ಬಟವಾಡೆಗೆ ನೀವು ಕೊಟ್ಟ 200ರಲ್ಲಿ ಅವನು ತನ್ನ ಕೈಯಾರೆ 50 ರೂಪಾಯಿ ಅಪ್ಪನಿಗೆ ಕೊಡಲಿ. ಹನ್ನೊಂದು ಸಲಕ್ಕೆ 550 ಆಗುತ್ತದೆ, ಎರಡು ಲೆಕ್ಕವೂ ಒಂದೇ ದಿನ ಮುಗಿಯುತ್ತವೆ. ಉಳಿದ 930 ರೂಪಾಯಿ ಅಪ್ಪನ ಪಾಲು. ಹನ್ನೊಂದು ವರ್ಷದ ಹುಡುಗನ ಕೈಗೆ ಪಿನ್ ಕೊಟ್ಟದ್ದು ಅಪ್ಪ, ಆದ್ದರಿಂದ ಪೂರ್ತಿ ಹೊರೆ ಮಗನ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ಏನೂ ಹೊರಿಸದೆ ಬಿಡುವುದೂ ಸರಿಯಲ್ಲ.

ಹಾಗಾದರೆ ಅವನು ಮಾಡಿದ್ದು ಕಳ್ಳತನವೇ? ಕೇಳದೆ ತೆಗೆದದ್ದು ತಪ್ಪು, ಅದು ಅವನಿಗೆ ಗೊತ್ತು. ಎಷ್ಟು ತೆಗೆದೆ ಎನ್ನುವುದು ಗೊತ್ತಿತ್ತೇ ಎನ್ನುವುದು ಬೇರೆ ಪ್ರಶ್ನೆ. ಗೇಮಿನೊಳಗೆ ರೂಪಾಯಿ ಎಂಬುದೇ ಇರುವುದಿಲ್ಲ. ಡೈಮಂಡ್, ಕಾಯಿನ್, ಕ್ರೆಡಿಟ್ ಇರುತ್ತವೆ. 80 ರೂಪಾಯಿ ಕೊಟ್ಟು ನೂರು ಡೈಮಂಡ್ ತಗೊಂಡ ಮೇಲೆ ಅವನು ಖರ್ಚು ಮಾಡುತ್ತಿರುವುದು ಡೈಮಂಡು, ಹಸುವಿನ ಹಾಲಲ್ಲ. ಉಳಿದ ಏಳೆಂಟು ಡೈಮಂಡಿಗೆ ಏನೂ ಬರುವುದಿಲ್ಲ, ಇನ್ನಷ್ಟು ಕೊಂಡರೆ ಬರುತ್ತದೆ. ಗೇಮು ಕಟ್ಟಿರುವುದೇ ಹಾಗೆ. ದೊಡ್ಡವರೂ ಇದರಲ್ಲಿ ಜಾರುತ್ತಾರೆ. ಒಂಬತ್ತು ಸಲದ ಲೆಕ್ಕವನ್ನು ಅವನ ಜೊತೆ ಕೂತು ಹಾಲಿಗೆ ತಿರುಗಿಸಿ: ಲೀಟರಿಗೆ ನಿಮಗೆ ಸಿಗುವ ದರದಲ್ಲಿ 1,480 ರೂಪಾಯಿಗೆ ಎಷ್ಟು ಲೀಟರು, ಎಷ್ಟು ಹೊತ್ತಿನ ಕರಾವು. ಬಯ್ಯದೆ ಮಾಡಿದರೆ ಈ ಲೆಕ್ಕ ಹೊಡೆತಕ್ಕಿಂತ ಆಳಕ್ಕೆ ಇಳಿಯುತ್ತದೆ. ಹೊಡೆತ ತಿಂದ ಮಕ್ಕಳು ದುಡ್ಡು ತೆಗೆಯುವುದನ್ನು ಬಿಡುವುದಕ್ಕಿಂತ ಹೆಚ್ಚಾಗಿ, ಸಿಕ್ಕಿಬೀಳದಂತೆ ತೆಗೆಯುವುದನ್ನು ಕಲಿಯುತ್ತಾರೆ.

ಜೊತೆಗೆ ಒಂದನ್ನು ಮೆಲ್ಲಗೆ ವಿಚಾರಿಸಿ: ಗೇಮಿನಲ್ಲಿ ಇದನ್ನು ತಗೋ ಎಂದು ಯಾರಾದರೂ ದೊಡ್ಡ ಹುಡುಗರು ಒತ್ತಾಯ ಮಾಡುತ್ತಿದ್ದಾರೆಯೇ, ಯಾರಿಗಾದರೂ ದುಡ್ಡು ಕಳಿಸಿದ್ದಾನೆಯೇ? ಹೌದಾದರೆ ಅದು ಹಣದ ಪಾಠದ ವಿಷಯವಲ್ಲ, ರಕ್ಷಣೆಯ ವಿಷಯ. ಮಕ್ಕಳ ಸಹಾಯವಾಣಿ 1098. ಮೋಸದಿಂದ ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಬೇಕು.

ಫೋನಿನಲ್ಲಿ ಇವತ್ತೇ ಮಾಡಬೇಕಾದ್ದು: ಯುಪಿಐ ಪಿನ್ ಬದಲಿಸಿ, ಹೊಸದು ಮಕ್ಕಳ ಮುಂದೆ ಒತ್ತಬೇಡಿ. ಪೇಮೆಂಟ್ ಆ್ಯಪಿನಲ್ಲಿ ಆಟೊಪೇ ಎಂಬ ಕಡೆ ಹೋಗಿ ಗೇಮಿಗೆ ಅಥವಾ ಬೇರಾವುದಕ್ಕೋ ತಿಂಗಳು ತಿಂಗಳು ತಾನಾಗಿ ಕಡಿತವಾಗುವಂತೆ ಒಪ್ಪಿಗೆ ಕೊಟ್ಟಿದ್ದರೆ ರದ್ದು ಮಾಡಿ. ಯುಪಿಐ ಲೈಟ್ ಹಾಕಿಸಿಕೊಂಡಿದ್ದರೆ ನೆನಪಿಡಿ, ಅದಕ್ಕೆ ಪಿನ್ ಬೇಕಿಲ್ಲ. ಒಂದು ಸಲಕ್ಕೆ 1,000 ರೂಪಾಯಿವರೆಗೆ ಖರ್ಚು ಮಾಡಬಹುದು, ಒಟ್ಟು 5,000 ರೂಪಾಯಿವರೆಗಿನ ಮೊತ್ತ ಅದರಲ್ಲಿ ಇರಬಹುದು. ಅನ್‌ಲಾಕ್ ಆದ ಫೋನು ಯಾರ ಕೈಯಲ್ಲಿದ್ದರೂ ಅದು ಖರ್ಚಾಗುತ್ತದೆ. ಮಕ್ಕಳು ಹಿಡಿಯುವ ಫೋನಿನಲ್ಲಿ ಅದು ಬೇಡ. ಪ್ಲೇ ಸ್ಟೋರಿನ ಸೆಟ್ಟಿಂಗಿನಲ್ಲಿ ಪ್ರತಿ ಖರೀದಿಗೂ ದೃಢೀಕರಣ ಕೇಳುವಂತೆ ಇಡಿ. ಗೂಗಲ್ ಪ್ಲೇ ಮೂಲಕ ಹೋದ ದುಡ್ಡಿಗೆ 48 ಗಂಟೆಯೊಳಗೆ ರೀಫಂಡ್ ಕೇಳುವ ಅವಕಾಶವಿದೆ. ನಿಮ್ಮದು ತಿಂಗಳಾಗಿರುವುದರಿಂದ ಗೇಮ್ ಕಂಪನಿಗೇ ಬರೆಯಬೇಕು, ಸಿಕ್ಕೇ ಸಿಗುತ್ತದೆ ಎಂದು ಕಾಯಬೇಡಿ. ಮೇವು, ಗೊಬ್ಬರದ ದುಡ್ಡು ಇರುವ ಖಾತೆಯನ್ನು ಯುಪಿಐಗೆ ಜೋಡಿಸದೆ, ಒಂದೆರಡು ಸಾವಿರ ಮಾತ್ರ ಇರುವ ಬೇರೆ ಖಾತೆಯನ್ನು ಜೋಡಿಸುವುದು ಕ್ಷೇಮ.

"ಆನ್‌ಲೈನ್ ಗೇಮ್ ಸರ್ಕಾರ ಬ್ಯಾನ್ ಮಾಡಿದೆಯಲ್ಲ" ಎಂದು ಕೆಲವರು ಸುಮ್ಮನಿರುತ್ತಾರೆ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆ ನಿಷೇಧಿಸಿದ್ದು ಹಣ ಪಣಕ್ಕಿಟ್ಟು ಆಡುವ ಆಟಗಳನ್ನು. ಗೇಮಿನೊಳಗೆ ಬಟ್ಟೆ, ಬಂದೂಕು, ಡೈಮಂಡು ಮಾರುವುದು ಅದರಲ್ಲಿ ಬರುವುದಿಲ್ಲ. ಕಾವಲು ನಿಮ್ಮದೇ.

ಈಗ ನಿಮ್ಮ ಅತ್ತೆಯವರ ಮಾತು. ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ, ಅರ್ಧ ನಿಜ ಅದರಲ್ಲಿದೆ. ಹೊತ್ತುಗೊತ್ತಿಲ್ಲದೆ, ಕೇಳಿದಾಗಲೆಲ್ಲ, ಅತ್ತಾಗಲೆಲ್ಲ ಸಿಗುವ ದುಡ್ಡು ಮಕ್ಕಳನ್ನು ಕೆಡಿಸುತ್ತದೆ. ಏಕೆಂದರೆ ಅಲ್ಲಿ ಮಗು ಕಲಿಯುವ ವಿದ್ಯೆ ದುಡ್ಡು ನಡೆಸುವುದಲ್ಲ, ದೊಡ್ಡವರನ್ನು ನಡೆಸುವುದು. ನಿಗದಿತ ದಿನ, ನಿಗದಿತ ಮೊತ್ತ ಸಿಕ್ಕು, ಮುಗಿದರೆ ಮುಂದಿನ ವಾರದವರೆಗೆ ಇಲ್ಲ ಎಂದಾದಾಗ ಮಾತ್ರ ಮಗು ಲೆಕ್ಕ ಹಾಕಲು ಶುರು ಮಾಡುತ್ತದೆ. ಗಮನಿಸಿ ನೋಡಿ, ನಿಮ್ಮ ಮನೆಯಲ್ಲಿ ಮಕ್ಕಳ ಕೈಗೆ ದುಡ್ಡು ಹೋಗುತ್ತಲೇ ಇದೆ. ಲೆಕ್ಕವಿಲ್ಲದೆ ಹೋಗುತ್ತಿದೆ, ಅಷ್ಟೆ.

ಎಷ್ಟು ಕೊಡಬೇಕು ಎಂಬುದಕ್ಕೆ ಪಕ್ಕದ ಮನೆಯ ಮಗುವನ್ನು ನೋಡಬೇಡಿ. ಎರಡು ವಾರ ಸುಮ್ಮನೆ ಬರೆದಿಡಿ: ಅವನ ತಿಂಡಿಗೆ, ಪೆನ್ನು ರಬ್ಬರಿಗೆ, ಅತ್ತೆ ಕೊಟ್ಟದ್ದು, ಅಪ್ಪ ಕೊಟ್ಟದ್ದು. ಹೆಚ್ಚಿನ ಮನೆಗಳಲ್ಲಿ ಬರುವ ಮೊತ್ತ ನೋಡಿ ದೊಡ್ಡವರೇ ಬೆಚ್ಚುತ್ತಾರೆ. ಅದಕ್ಕಿಂತ ಸ್ವಲ್ಪ ಕಡಿಮೆ ಮೊತ್ತವನ್ನು ವಾರದ ಕಾಸು ಎಂದು ನಿಗದಿ ಮಾಡಿ. ವಾರಕ್ಕೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಅದರಲ್ಲಿ ಅಂಗಡಿ ತಿಂಡಿ ಅವನದು, ಪೆನ್ನು ಪೆನ್ಸಿಲ್ಲು ಅವನದು. ನೋಟ್‌ಬುಕ್, ಬಸ್ ಚಾರ್ಜು, ಬಟ್ಟೆ ನಿಮ್ಮದು. ಯಾವುದು ಯಾರದು ಎನ್ನುವುದು ಮೊದಲೇ ಸ್ಪಷ್ಟವಾಗಬೇಕು. ಅದು ಅಸ್ಪಷ್ಟವಾಗಿದ್ದರೆ ಪ್ರತಿದಿನ ಚೌಕಾಸಿ ನಡೆದು ಮೂರನೇ ವಾರಕ್ಕೆ ಎಲ್ಲರಿಗೂ ಸಾಕಾಗಿ ಬಿಟ್ಟುಬಿಡುತ್ತೀರಿ. ದಿನ ಭಾನುವಾರ ಬೇಡ. ರಜೆಯ ದಿನ ಅಂಗಡಿ, ಗೆಳೆಯರು ಎಲ್ಲ ಎದುರಿಗೇ ಇರುತ್ತಾರೆ. ಸೋಮವಾರ ಬೆಳಿಗ್ಗೆ ಕೊಡಿ, ಹತ್ತು, ಐದರ ಚಿಲ್ಲರೆಯಲ್ಲಿ ಕೊಡಿ. ಇಡೀ ನೋಟು ಕೊಟ್ಟರೆ ಅದು ಒಂದೇ ಅಂಗಡಿಯಲ್ಲಿ ಮುರಿದು ಅಲ್ಲೇ ಮುಗಿಯುತ್ತದೆ.

ಮೊದಲ ಎರಡು ಮೂರು ವಾರ ಅವನು ಮಂಗಳವಾರವೇ ಎಲ್ಲ ಮುಗಿಸುತ್ತಾನೆ. ಮುಗಿಸಲಿ. ಬುಧವಾರ ಕೈಚಾಚಿದಾಗ ಬಯ್ಯದೆ, ಬೋಧನೆ ಮಾಡದೆ "ಸೋಮವಾರ ಬರುತ್ತೆ ಮಗನೆ" ಎಂದಷ್ಟೇ ಹೇಳಿ. ನೀವು ಗಟ್ಟಿಯಾಗಿದ್ದು ಅತ್ತೆಯವರು ಹಿತ್ತಲಲ್ಲಿ ಹತ್ತು ರೂಪಾಯಿ ಕೊಟ್ಟರೆ ಇಡೀ ವ್ಯವಸ್ಥೆ ಅಲ್ಲಿಗೆ ಮುಗಿಯಿತು. ಅವರಿಗೆ ಕೊಡಬೇಡಿ ಎಂದು ಹೇಳುವುದು ಮೊಮ್ಮಗನ ಮೇಲಿನ ಪ್ರೀತಿಗೆ ಬಾಗಿಲು ಹಾಕಿದಂತೆ, ಅದು ನಡೆಯುವುದೂ ಇಲ್ಲ. ಬದಲಿಗೆ ಅವರಿಗೂ ಒಂದು ದಿನ ಬಿಟ್ಟುಕೊಡಿ. ಶುಕ್ರವಾರ ಅಜ್ಜಿಯ ಹತ್ತು ರೂಪಾಯಿ, ಅದು ನೇರವಾಗಿ ಸೈಕಲ್ ಡಬ್ಬಿಗೆ ಎಂದು ಅವರ ಬಾಯಲ್ಲೇ ಹೇಳಿಸಿ. ಸೊಸೆಯ ಮಾತಿಗಿಂತ ಅಜ್ಜಿ ಹಾಕಿದ ನಿಯಮ ಮನೆಯಲ್ಲಿ ಹೆಚ್ಚು ದಿನ ನಿಲ್ಲುತ್ತದೆ.

ಒಂದು ಎಚ್ಚರಿಕೆ: ವಾರದ ಕಾಸನ್ನು ಶಿಕ್ಷೆಗೆ ಬಳಸಬೇಡಿ. ಜಗಳವಾಡಿದ, ಮಾತು ಕೇಳಲಿಲ್ಲ ಎಂದು ಹತ್ತು ಕಡಿತ ಮಾಡಿದರೆ ಅದು ಮತ್ತೆ ನಂಬಲಾಗದ ದುಡ್ಡಾಗುತ್ತದೆ. ಮನೆಕೆಲಸಕ್ಕೂ ಕೂಲಿ ಕಟ್ಟಬೇಡಿ. ಹಸುಗೆ ನೀರು ತೋರಿಸುವುದು, ಕೊಟ್ಟಿಗೆ ಬಳಿಯುವುದು ಮನೆಯವರಾಗಿ ಎಲ್ಲರೂ ಮಾಡುವ ಕೆಲಸ. ಸಂಪಾದನೆಯ ರುಚಿ ಸಿಗಲಿ ಎಂದಿದ್ದರೆ ಮನೆಯ ಹಳೇ ಪೇಪರು, ಬಾಟಲಿ, ಕಬ್ಬಿಣದ ಚೂರು ಆರಿಸಿ ಗುಜರಿಗೆ ಹಾಕಿದ ದುಡ್ಡು ಅವನದಾಗಲಿ. ತೂಕ, ದರ, ಗುಣಾಕಾರ ಮೂರೂ ಅದರಲ್ಲಿ ಸಿಗುತ್ತವೆ.

ಮಾರ್ಕಿಗೆ ದುಡ್ಡು ಎನ್ನುವ ಯಜಮಾನರ ಯೋಚನೆ ನನಗೆ ಒಪ್ಪಿಗೆಯಿಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ತಮ್ಮಷ್ಟಕ್ಕೆ ಖುಷಿಯಿಂದ ಚಿತ್ರ ಬರೆಯುತ್ತಿದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಬರೆದರೆ ಬಹುಮಾನ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ಮೇಲೆ, ಬಹುಮಾನವಿಲ್ಲದಾಗ, ಆ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಓದಿನಲ್ಲೂ ಅದೇ ಅಪಾಯ. ಮೇಲಾಗಿ ಏಳನೇ ಕ್ಲಾಸಿನಲ್ಲಿ ದರ ಹೆಚ್ಚಿಸಿ ಎನ್ನುತ್ತಾನೆ, ಪೇಪರ್ ಕಷ್ಟವಿದ್ದ ಸಲ ಓದೇ ನಷ್ಟ ಎನ್ನುತ್ತಾನೆ. ಚೆನ್ನಾಗಿ ಓದಿದ ಎಂದು ಒಂದು ದಿನ ಮಸಾಲೆ ದೋಸೆ ಕೊಡಿಸಿ, ಅದು ಬೇರೆ.

ಏಳು ವರ್ಷದ ಗಡುವಿನ ಮಾತಿಗೆ ಮೂಲ, ಬ್ರಿಟನ್ನಿನಲ್ಲಿ 2013ರಲ್ಲಿ ಬಂದ ಒಂದು ವರದಿ. ಕಾಯುವುದು, ಮುಂದಿನದನ್ನು ಯೋಚಿಸುವುದು ಇತ್ಯಾದಿ ಅಭ್ಯಾಸಗಳ ಬುನಾದಿ ಆ ವಯಸ್ಸಿಗೆ ಬೀಳತೊಡಗಿರುತ್ತದೆ ಎಂಬುದು ಅದರ ತಿರುಳು. ಅದನ್ನೇ ಎಳೆದು "ಆಮೇಲೆ ಬರುವುದಿಲ್ಲ" ಎಂದು ಮಾಡಿದ್ದಾರೆ. ಹನ್ನೊಂದು ವರ್ಷಕ್ಕೆ ಏನೂ ಮುಗಿದಿಲ್ಲ. ನಿಜ ಹೇಳಬೇಕೆಂದರೆ ಶೇಕಡಾವಾರು, ಬಡ್ಡಿ, ಲಾಭ ನಷ್ಟ ತಲೆಗೆ ಹತ್ತುವುದು ಈಗಲೇ.

ಆರು ವರ್ಷದ ಮಗಳಿಗೆ ಬಡ್ಡಿ, ಬ್ಯಾಂಕು ಯಾವುದೂ ಬೇಡ. ಈ ವಯಸ್ಸಿನ ಎಷ್ಟೋ ಮಕ್ಕಳಿಗೆ ಒಂದು ರೂಪಾಯಿಯ ಐದು ನಾಣ್ಯಗಳು ಒಂದು ಹತ್ತರ ನಾಣ್ಯಕ್ಕಿಂತ ಹೆಚ್ಚು. ಅದು ದಡ್ಡತನವಲ್ಲ, ಸಂಖ್ಯೆಯನ್ನೂ ಬೆಲೆಯನ್ನೂ ಬೇರೆ ಮಾಡಿ ನೋಡುವುದು ಇನ್ನೂ ಬಂದಿರುವುದಿಲ್ಲ. ಒಂದು, ಎರಡು, ಐದು, ಹತ್ತು, ಇಪ್ಪತ್ತರ ನಾಣ್ಯಗಳನ್ನು ಹರಡಿ ಗುಂಪು ಮಾಡಿಸಿ. ಹತ್ತು ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಎಂದು ಆಡಿಸಿ. ಅದು ಬಂದ ಮೇಲೆ ಅಂಗಡಿ. ಮೊದಲು ಸರಿಯಾದ ದುಡ್ಡು ಕೊಟ್ಟು ಒಂದೇ ಸಾಮಾನು, ಉದಾಹರಣೆಗೆ ಹತ್ತು ರೂಪಾಯಿಯ ಸೋಪು. ಅಂಗಡಿಯವರ ಮುಂದೆ ಅವಳೇ ಕೇಳಬೇಕು, ಅವಳೇ ಕೊಡಬೇಕು, ನೀವು ಎರಡು ಹೆಜ್ಜೆ ಹಿಂದೆ. ನಾಲ್ಕೈದು ಸಲ ಆದ ಮೇಲೆ ಇಪ್ಪತ್ತು ಕೊಟ್ಟು ಚಿಲ್ಲರೆ ತರಿಸಿ, ಎಷ್ಟು ಬರಬೇಕು ಎಂದು ಹೊರಡುವ ಮೊದಲೇ ಕೇಳಿ. ಚಿಲ್ಲರೆ ಬದಲು ಚಾಕಲೇಟು ಕೊಟ್ಟರೆ "ಚಿಲ್ಲರೇನೇ ಕೊಡಿ ಅಣ್ಣ" ಎನ್ನುವುದನ್ನೂ ಕಲಿಸಿ. ಕೈಗೆ ಕೊಡುವ ಕಾಸು ವಾರಕ್ಕೆ ಎರಡು ಸಲ ಐದೈದು ರೂಪಾಯಿ ಸಾಕು, ಏಳು ದಿನ ಎನ್ನುವುದು ಅವಳಿಗೆ ಬಹಳ ದೂರ.

ಹುಂಡಿ ಮಣ್ಣಿನದು ಬೇಡ. ಒಳಗೆ ಎಷ್ಟಿದೆ ಎಂದು ಕಾಣುವುದಿಲ್ಲ, ಒಡೆಯುವವರೆಗೆ ತೆಗೆಯಲಾಗುವುದಿಲ್ಲ, ಆದ್ದರಿಂದ ಮಗು ಏನನ್ನೂ ನಿರ್ಧರಿಸುವುದಿಲ್ಲ. ಖಾಲಿ ಹಾರ್ಲಿಕ್ಸ್ ಬಾಟಲಿ ಒಳ್ಳೆಯದು. ಮಟ್ಟ ಏರುವುದು ಕಣ್ಣಿಗೆ ಕಾಣುತ್ತದೆ. ಅದಕ್ಕೊಂದು ಗುರಿಯ ಚಿತ್ರ ಅಂಟಿಸಿ. ಆ ಗುರಿ ಮೂರ್ನಾಲ್ಕು ವಾರದಲ್ಲಿ ಮುಟ್ಟುವಂತಿರಲಿ, ಮೂವತ್ತು ನಲವತ್ತು ರೂಪಾಯಿಯ ಬಣ್ಣದ ಪೆನ್ಸಿಲ್ ಡಬ್ಬಿಯಂಥದ್ದು. ದೊಡ್ಡ ಗುರಿ ಇಟ್ಟರೆ ಈ ವಯಸ್ಸಿಗೆ ಅದು ಎಂದೂ ಬರದ ದಿನ. ಬೇರೆಯವರಿಗೆ ಕೊಡುವುದಕ್ಕೆಂದು ಇನ್ನೊಂದು ಸಣ್ಣ ಬಾಟಲಿ ಇದ್ದರೆ ಚೆಂದ. ಕೈವಾರದ ಜಾತ್ರೆಯಲ್ಲಿ ಅವಳ ದುಡ್ಡಿನಿಂದಲೇ ಯಾರಿಗಾದರೂ ಏನಾದರೂ ಕೊಡಲಿ.

ಹತ್ತರ ನಾಣ್ಯ ನಡೆಯುವುದಿಲ್ಲ ಎಂದು ನಮ್ಮ ಕಡೆ ಅಂಗಡಿಗಳಲ್ಲಿ ಹೇಳುವುದುಂಟು. ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲೇ ಆಗ ಚಲಾವಣೆಯಲ್ಲಿದ್ದ ಹದಿನಾಲ್ಕು ವಿನ್ಯಾಸಗಳೂ ಊರ್ಜಿತ ಎಂದು ಸ್ಪಷ್ಟಪಡಿಸಿದೆ. ಮಕ್ಕಳ ಬಾಟಲಿಯ ನಾಣ್ಯವನ್ನು ಬ್ಯಾಂಕಿಗೆ ಕಟ್ಟುವಾಗ ನೂರು ನೂರು ನಾಣ್ಯದ ಪೊಟ್ಟಣ ಮಾಡಿಕೊಂಡು ಹೋಗಿ, ಎಣಿಸುವ ತಕರಾರು ಇರುವುದಿಲ್ಲ.

ಮಗನಿಗೆ ನಿಮ್ಮ ಮನೆಯಲ್ಲೇ ಇರುವ ಅತ್ಯುತ್ತಮ ಪಠ್ಯಪುಸ್ತಕ ಮಂಡಿಯ ಪಟ್ಟಿ. ಪೇಟೆ ಮಕ್ಕಳಿಗೆ ಇದು ಸಿಗುವುದಿಲ್ಲ. ನಲವತ್ತು ಬಾಕ್ಸ್, ಬಾಕ್ಸಿಗೆ 300ರಂತೆ 12,000 ಎಂದಿದ್ದರೆ ಆ ಅಂಕಿಯನ್ನು ಅವನಿಂದಲೇ ಬರೆಸಿ. ಬಿಡಿಸಲು ಆರು ಆಳಿಗೆ ತಲಾ 400ರಂತೆ 2,400, ಗಾಡಿ ಬಾಡಿಗೆ 800 ಕಳೆಯಲಿ. ಉಳಿದದ್ದು 8,800. ಆಮೇಲೆ ಸಸಿ, ಕಡ್ಡಿ, ದಾರ, ಔಷಧಿ, ಗೊಬ್ಬರಕ್ಕೆ ಹೋದದ್ದು ಎಷ್ಟು ಎಂದು ಅಪ್ಪನನ್ನು ಕೇಳಲಿ. ಬಂದದ್ದೆಲ್ಲ ಲಾಭವಲ್ಲ ಎನ್ನುವುದು ಒಂದೇ ಸಂಜೆಯಲ್ಲಿ ತಿಳಿಯುತ್ತದೆ. ಡೇರಿಯ ಲೆಕ್ಕದಲ್ಲೂ ಹಾಗೇ: ಲೀಟರು, ಫ್ಯಾಟು, ಹಿಡಿದುಕೊಂಡದ್ದು, ಕೈಗೆ ಬಂದದ್ದು. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಬೇರೆಯಾಗಿ, ಎಷ್ಟೋ ಸಲ ತಡವಾಗಿ ಬರುವುದನ್ನು ತೋರಿಸಿ. ಬರಬೇಕಾದ ದುಡ್ಡು ಬೇರೆ, ಕೈಯಲ್ಲಿರುವ ದುಡ್ಡು ಬೇರೆ ಎಂದು ಅವನಿಗೆ ಗೊತ್ತಾಗಲಿ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿತ್ತು. ಬಿಡಿಸಿದ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದ ಕಾಲಗಳನ್ನೂ ಈ ನೆಲ ಕಂಡಿದೆ. ರೇಟು ಬಂದ ವರ್ಷ ಎಷ್ಟು ಎತ್ತಿಡಬೇಕು ಎನ್ನುವ ಮಾತು ನೀವಿಬ್ಬರು ಆಡುವಾಗ ಅವನೂ ಪಕ್ಕದಲ್ಲಿರಲಿ.

ಸಾಲದ ವಿಷಯ ಮಕ್ಕಳಿಗೆ ಹೇಳಬಾರದು ಎನ್ನುವವರಿದ್ದಾರೆ. ಹೇಳದಿದ್ದರೂ ಅವರಿಗೆ ಗೊತ್ತಿರುತ್ತದೆ, ಅರ್ಧ ಗೊತ್ತಿರುವುದರಿಂದ ಹೆದರಿಕೆ ಹೆಚ್ಚು. ಸಾಲ ಇದೆ, ಇಂಥದ್ದಕ್ಕೆ ತಂದದ್ದು, ಹೀಗೆ ತೀರಿಸುತ್ತಿದ್ದೇವೆ ಎಂದಷ್ಟು ಹೇಳಿದರೆ ಸಾಕು. ನಿಮ್ಮ ರಾತ್ರಿಯ ಚಿಂತೆಗೆ ಅವರನ್ನು ಕಿವಿ ಮಾಡಿಕೊಳ್ಳಬೇಡಿ. ಕಂತು ಕೇಳಲು ಬಂದವರಿಗೆ "ಅಪ್ಪ ಮನೇಲಿಲ್ಲ" ಎಂದು ಹೇಳಲು ಮಕ್ಕಳನ್ನು ಬಾಗಿಲಿಗೆ ಎಂದೂ ಕಳಿಸಬೇಡಿ. ಹುಂಡಿ ಮುಟ್ಟುವುದಕ್ಕಿಂತ ಅದು ದೊಡ್ಡ ಪೆಟ್ಟು.

ಕೊನೆಗೆ ಅಕೌಂಟು. ಹತ್ತು ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲಿ ಖಾತೆ ತೆರೆದು ತಾವೇ ನಡೆಸಲು ಬ್ಯಾಂಕುಗಳು ಅವಕಾಶ ಕೊಡಬಹುದು ಎಂದು ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನ ಸುತ್ತೋಲೆಯಲ್ಲಿ ಹೇಳಿದೆ. ಎಷ್ಟು ಮೊತ್ತದವರೆಗೆ, ಎಟಿಎಂ ಕಾರ್ಡು ಕೊಡುತ್ತಾರೋ ಇಲ್ಲವೋ ಎನ್ನುವುದು ಆಯಾ ಬ್ಯಾಂಕಿನ ನಿರ್ಧಾರ. ಹತ್ತರ ಒಳಗಿನವರಿಗೆ ಪೋಷಕರು ನಡೆಸುವ ಖಾತೆ, ತಾಯಿಯೂ ಪೋಷಕಿಯಾಗಿ ಸಹಿ ಹಾಕಬಹುದು. ಹೋಗುವಾಗ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಫೋಟೊ, ನಿಮ್ಮ ಆಧಾರ್, ಪ್ಯಾನ್ ಇರಲಿ. ಕನಿಷ್ಠ ಬ್ಯಾಲೆನ್ಸ್ ಎಷ್ಟು, ಕಡಿಮೆಯಾದರೆ ದಂಡ ಇದೆಯೇ ಎಂದು ಕೇಳಿಯೇ ಸಹಿ ಮಾಡಿ. ಅಂಚೆ ಕಚೇರಿಯಲ್ಲಿ 500 ರೂಪಾಯಿಗೆ ಉಳಿತಾಯ ಖಾತೆ ಆಗುತ್ತದೆ, ಅದನ್ನೂ ಹತ್ತು ದಾಟಿದ ಮಗು ತನ್ನ ಹೆಸರಲ್ಲೇ ತೆರೆಯಬಹುದು.

ಅಂಚೆಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಂತು ಕಟ್ಟುವ ಉಳಿತಾಯ, ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ 6.7ರ ಬಡ್ಡಿಯಲ್ಲಿ ಕಟ್ಟಿದ 6,000ಕ್ಕೆ ಸುಮಾರು 7,130 ಬರುತ್ತದೆ. ದರ ಆಗಾಗ ಬದಲಾಗುವುದರಿಂದ ತೆರೆಯುವ ದಿನ ಕೇಳಿಕೊಳ್ಳಿ. ಆದರೆ ನಿಮ್ಮಂಥ ಏರಿಳಿತದ ಆದಾಯದ ಮನೆಯಲ್ಲಿ ಇದಕ್ಕೊಂದು ಅಪಾಯವಿದೆ. ಕಂತು ತಪ್ಪಿದರೆ ನೂರಕ್ಕೆ ಒಂದು ರೂಪಾಯಿ ದಂಡ, ನಾಲ್ಕು ತಪ್ಪಿದರೆ ಖಾತೆ ನಿಲ್ಲುತ್ತದೆ, ಎರಡು ತಿಂಗಳೊಳಗೆ ಬಾಕಿ ಕಟ್ಟಿ ಎಬ್ಬಿಸಬೇಕು. ಮೂರು ವರ್ಷದ ಮೊದಲು ಮುಚ್ಚಲಾಗುವುದಿಲ್ಲ. ಸೈಕಲ್ ಕಾಯುತ್ತಿರುವ ಹುಡುಗನಿಗೆ ಐದು ವರ್ಷ ಸಜೆಯಂತೆ ಕಾಣುತ್ತದೆ. ಈಗ ಬೇಡ.

ಮಗಳಿಗೆ ಹತ್ತು ತುಂಬುವ ಮೊದಲು ಹೆಣ್ಣುಮಕ್ಕಳಿಗೆಂದೇ ಇರುವ ಸರ್ಕಾರದ ಉಳಿತಾಯ ಯೋಜನೆ ಸುಕನ್ಯಾ ಸಮೃದ್ಧಿಯ ಖಾತೆ ತೆರೆಯುವುದು ಒಳ್ಳೆಯದು. ವರ್ಷಕ್ಕೆ ಕನಿಷ್ಠ 250, ತಪ್ಪಿದರೆ 50 ದಂಡ. ಹದಿನೈದು ವರ್ಷ ಕಟ್ಟಬೇಕು, ತೆರೆದು ಇಪ್ಪತ್ತೊಂದು ವರ್ಷಕ್ಕೆ ಪೂರ್ತಿ ಕೈಗೆ ಬರುತ್ತದೆ. ಹತ್ತನೇ ಕ್ಲಾಸು ಮುಗಿದರೆ ಅಥವಾ ಹದಿನೆಂಟು ತುಂಬಿದರೆ ಓದಿಗೆ ಅರ್ಧದವರೆಗೆ ತೆಗೆಯಬಹುದು. 2024ರ ಜನವರಿಯಿಂದ ಅನ್ವಯವಾದ ಬಡ್ಡಿ 8.2. ಆದರೆ ಅದು ನೀವು ಅವಳಿಗಾಗಿ ಮಾಡುವ ಉಳಿತಾಯ, ಅವಳು ಕಲಿಯುವ ಪಾಠವಲ್ಲ. ಅವಳ ಬಾಟಲಿಯ ದುಡ್ಡನ್ನು ಅದಕ್ಕೆ ಸುರಿಯಬೇಡಿ, ಸುರಿದರೆ ಅವಳಿಗೂ ಹುಂಡಿ ಖಾಲಿಯಾದ ಅನುಭವವೇ ಆಗುತ್ತದೆ.

ಮಗನಿಗೆ ಉಳಿತಾಯ ಖಾತೆ ಸಾಕು, ಅದೂ ಗೋಡೆಯ ಹಾಳೆಯಲ್ಲಿ ನಾಲ್ಕೈದು ಸಾಲು ತುಂಬಿದ ಮೇಲೆ. ಆ ಹೊತ್ತಿಗೆ ಡಬ್ಬಿಯಲ್ಲಿ ಆರೇಳು ನೂರು ಇರುತ್ತದೆ. ಚಲನ್ ಅವನೇ ತುಂಬಲಿ, ಕೌಂಟರಿನಲ್ಲಿ ಅವನೇ ಕೊಡಲಿ, ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಅವನೇ ಓದಲಿ. ಸೈಕಲ್ಲಿಗೆ ತೆಗೆಯುತ್ತೇನೆ ಎಂದಾಗ ಬಡ್ಡಿ ಹೋಗುತ್ತದೆ ಎಂದು ತಡೆಯಬೇಡಿ, ಅದಕ್ಕೇ ಅಲ್ಲವೇ ಕೂಡಿಟ್ಟದ್ದು. ಆ ಪಾಸ್‌ಬುಕ್ ಸ್ಕೂಲ್ ಬ್ಯಾಗಿನಲ್ಲಿ ಬೇಡ, ಕಳೆಯುತ್ತದೆ. ನಿಮ್ಮ ಬೀರುವಿನ ಲಾಕರಿನಲ್ಲೂ ಬೇಡ. ಅವನ ಪುಸ್ತಕದ ಗೂಡಿನಲ್ಲಿ, ಬೇಕೆಂದಾಗ ತೆಗೆದು ನೋಡುವಂತಿರಲಿ.